ತುಕ್ಕು ಕೆರೆದವರ ಕೈಗೆ ಬಂದ ಬೆಂಕಿ

ಕಬ್ಬಿಣದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಕತ್ತಿಯಿಂದ ಸುರು ಮಾಡುತ್ತಾರೆ. ಯಾವ ಅರಸ, ಯಾವ ಕೋಟೆ, ಯಾವ ತೋಪು ಅಂತ. ನಾನು ಒಂದು ಹಳೇ ಜೀಪಿನ ತಳದಿಂದ ಸುರು ಮಾಡುತ್ತೇನೆ. ನನಗೆ ಕಬ್ಬಿಣ ಗೊತ್ತಾದದ್ದೇ ಅಲ್ಲಿ.

ತೆಲಸಂಗ ಅಥಣಿ ತಾಲೂಕಿನ ಮೂಡಣ ಸೀಮೆಯ ಊರು. ಕೃಷ್ಣೆಯ ದಂಡೆಗೆ ಕಬ್ಬು, ನಮ್ಮ ಕಡೆಗೆ ಬರ. 1980ರ ದಶಕದ ಮೊದಲ ವರ್ಷಗಳಲ್ಲಿ ಡಾಂಬರು ರಸ್ತೆಯ ಬದಿಗೆ ಒಂದು ತಗಡಿನ ಶೆಡ್ಡಿತ್ತು. ಹೈಸ್ಕೂಲಿನ ಸೂಟಿಯಲ್ಲಿ ನಮ್ಮಪ್ಪ ನನ್ನನ್ನು ಅಲ್ಲಿ ಬಿಟ್ಟುಹೋದ. ಕೂಲಿ ಮಾತಾಡಲಿಲ್ಲ, ಎರಡು ಹೊತ್ತು ಚಹಾ ಅಷ್ಟೇ. ವೆಲ್ಡಿಂಗ್ ಕಲಿಯುತ್ತೇನೆ ಅಂತ ಹಿಗ್ಗಿನಲ್ಲಿ ಹೋದವನ ಕೈಗೆ ಮಿಸ್ತ್ರಿ ಕೊಟ್ಟದ್ದು ಒಂದು ಮೊಂಡ ಉಳಿ ಮತ್ತು ಒಂದು ತಂತಿ ಬ್ರಶ್ಶು. "ಏ ತಮ್ಮಾ, ತಳಗ ಹೋಗು. ತುಕ್ಕ ಕೆರಿ" ಅಂದ.

ಜೀಪಿನ ಹೊಟ್ಟೆಯ ಕೆಳಗೆ ಅಂಗಾತ ಮಲಗಿ ಕೆರೆಯಬೇಕು. ಕೆಂಪು ಹುಡಿ ಕಣ್ಣಿಗೆ, ಮೂಗಿಗೆ, ಬಾಯಿಗೆ. ಮಣ್ಣು, ಸಗಣಿ, ಗ್ರೀಸು ಕೂಡಿ ಹೆಪ್ಪುಗಟ್ಟಿದ ರಾಡಿ ಎದೆಯ ಮೇಲೆ ಬೀಳುತ್ತದೆ. ಶೆಡ್ಡಿನಲ್ಲಿ ಇನ್ನೂ ಇಬ್ಬರು ಹುಡುಗರಿದ್ದರು. ಅವರು ಬೇರೆ ಓಣಿಯವರು. ಅವರಿಗೆ ಹೊಸ ಆಂಗಲ್, ಹೊಸ ಪಟ್ಟಿ, ಕಿಡಕಿ ಗ್ರಿಲ್ಲಿನ ಕೆಲಸ. ನನಗೂ ನಮ್ಮ ಕೇರಿಯ ಇನ್ನೊಬ್ಬನಿಗೂ ತುಕ್ಕು. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅವಶ್ಯಕತೆ ಇರಲಿಲ್ಲ. ಸತ್ತ ದನ ಎಳೆಯುವುದು ಯಾರ ಕೆಲಸ ಅಂತ ಊರಿನಲ್ಲಿ ಯಾರಾದರೂ ಡಂಗುರ ಸಾರುತ್ತಾರೆಯೇ?

ಆದರೆ ಒಂದು ವಿಚಿತ್ರ ಆಯಿತು. ಆ ಹೊಲಸು ಕೆಲಸದೊಳಗಿಂದಲೇ ನಮ್ಮ ಹುಡುಗರ ಕೈಗೆ ಬೆಂಕಿ ಬಂತು. ಸಾವಿರಾರು ವರ್ಷ ನಮಗೆ ಮುಟ್ಟಗೊಡದಿದ್ದ ಬೆಂಕಿ. ಅದು ಹೇಗೆ ಬಂತು, ಎಷ್ಟು ಬಂತು, ಎಲ್ಲಿ ನಿಂತಿತು ಎಂಬುದನ್ನೇ ಇಲ್ಲಿ ಬರೆಯಬೇಕೆಂದಿದ್ದೇನೆ.

ಮೊದಲು ಕಮ್ಮಾರಸಾಲೆಯ ಮಾತು. ಗೌಡರ ರಂಟಿಯ ಕುಡ ಮೊಂಡಾದರೆ ಅದನ್ನು ಹೆಗಲ ಮೇಲೆ ಹೊತ್ತು ಕಮ್ಮಾರಸಾಲೆಗೆ ಒಯ್ಯುತ್ತಿದ್ದವನು ನಮ್ಮಜ್ಜ. ಹೊತ್ತವನು ಬಾಗಿಲ ಹೊರಗೆ ನಿಲ್ಲಬೇಕು. ಕುಡವನ್ನು ನೆಲದ ಮೇಲೆ ಇಟ್ಟು ಹಿಂದೆ ಸರಿಯಬೇಕು. ಕಮ್ಮಾರ ಇಕ್ಕಳದಿಂದ ಎತ್ತಿ ಕುಲುಮೆಗೆ ಹಾಕುತ್ತಿದ್ದ. ಬೆಂಕಿಯೊಳಗೆ ಹೋದಮೇಲೆ ಕಬ್ಬಿಣಕ್ಕೆ ಮೈಲಿಗೆ ಉಳಿಯುವುದಿಲ್ಲವಂತೆ. ಹೊತ್ತು ತಂದ ಮನುಷ್ಯನಿಗೆ ಮಾತ್ರ ಉಳಿಯುತ್ತಿತ್ತು.

ಆ ಕುಲುಮೆಯ ಉಸಿರು ಯಾವುದು? ತಿದಿ. ತಿದಿ ಎಂದರೆ ತೊಗಲು. ಆ ತೊಗಲು ಎಲ್ಲಿಂದ ಬಂತು? ಸತ್ತ ಎತ್ತನ್ನು ಎಳೆದವರು ನಮ್ಮವರು, ಸುಲಿದವರು ನಮ್ಮವರು, ಸುಣ್ಣದ ನೀರಲ್ಲಿ, ಜಾಲಿ ಚಕ್ಕೆಯಲ್ಲಿ, ಅಳಲೆಕಾಯಿಯ ರಸದಲ್ಲಿ ತಿಂಗಳುಗಟ್ಟಲೆ ನೆನೆಸಿ ಹದ ಮಾಡಿದವರು ಡೋರರು, ಸಮಗಾರರು. ಅಥಣಿಯ ಚಪ್ಪಲಿ ಕೊಲ್ಹಾಪುರದ ಹೆಸರಿನಲ್ಲಿ ದೇಶದೇಶಕ್ಕೆ ಹೋಗುತ್ತದಲ್ಲ, ಅದೇ ಕೈ, ಅದೇ ಹದ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜತೆಗೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಾಪುರ ಜಿಲ್ಲೆಗಳೂ ಸೇರಿದವು. ಈ ಕೈಯ ತೊಗಲು ಇಲ್ಲದೆ ಕುಲುಮೆಯಲ್ಲಿ ಬೆಂಕಿ ಏಳುತ್ತಿರಲಿಲ್ಲ. ಆದರೂ ಆ ಕೈ ಅಡಿಗಲ್ಲನ್ನು ಮುಟ್ಟುವಂತಿರಲಿಲ್ಲ.

ಕಮ್ಮಾರ ಮಾಡುತ್ತಿದ್ದದ್ದೂ ಬೆಸುಗೆಯೇ. ಎರಡು ತುಂಡು ಕಬ್ಬಿಣವನ್ನು ಕಿಡಿ ಸಿಡಿಯುವ ಹಂತದವರೆಗೆ, ಅಂದರೆ 1200–1300 ಡಿಗ್ರಿಯ ಆಸುಪಾಸಿನ ತನಕ ಕಾಯಿಸಿ, ಮೇಲೆ ಒಂದು ಹಿಡಿ ಮರಳು ಉದುರಿಸಿ, ಒಂದರ ಮೇಲೊಂದು ಇಟ್ಟು ಬಡಿಯುವುದು. ಮರಳು ಕರಗಿ, ಕಬ್ಬಿಣದ ಮೇಲಿನ ಕಪ್ಪು ಪೊರೆಯನ್ನು ಕರಗಿಸಿಕೊಂಡು ಹೊರಗೆ ಹರಿಯುತ್ತದೆ. ಒಳಗಿನ ಶುದ್ಧ ಕಬ್ಬಿಣ ಒಂದಕ್ಕೊಂದು ಅಂಟುತ್ತದೆ. ಬಂಡಿಯ ಗಾಲಿಯ ಹಳಿ ಕೂಡಿಸುತ್ತಿದ್ದದ್ದು ಹೀಗೆಯೇ. ದಿಲ್ಲಿಯ ಕಬ್ಬಿಣದ ಕಂಬವನ್ನು ಮಾಡಿದ್ದೂ ಹೀಗೆಯೇ. ಏಳು ಮೀಟರಿಗಿಂತ ಎತ್ತರ, ಆರು ಟನ್ನಿಗಿಂತ ಹೆಚ್ಚು ತೂಕ, ಸುಮಾರು 1600 ವರ್ಷ ವಯಸ್ಸು. ಎರಕ ಹೊಯ್ದದ್ದಲ್ಲ, ಕಬ್ಬಿಣದ ಮುದ್ದೆಗಳನ್ನು ಕಾಯಿಸಿ ಕಾಯಿಸಿ ಬಡಿದು ಕೂಡಿಸಿದ್ದು. ಆ ಕಬ್ಬಿಣದಲ್ಲಿ ರಂಜಕದ ಅಂಶ ಜಾಸ್ತಿ ಇರುವುದರಿಂದ ಅದರ ಮೇಲೊಂದು ತೆಳು ಪೊರೆ ಕಟ್ಟಿ ತುಕ್ಕನ್ನು ತಡೆದಿದೆ ಎಂದು ಲೋಹಶಾಸ್ತ್ರದವರು ಹೇಳುತ್ತಾರೆ. ಕಂಬದ ಮೇಲೆ ಚಂದ್ರನೆಂಬ ಅರಸನ ಹೆಸರು ಕೆತ್ತಿದ್ದಾರೆ. ಬಡಿದವರ ಹೆಸರಿಲ್ಲ. ಕಮ್ಮಾರನಿಗೂ ಇಷ್ಟೇ ದಕ್ಕಿತು ಎಂಬುದನ್ನು ನಾವು ಮರೆಯಬಾರದು. ಅವನೂ ಆಯದ ಜೋಳಕ್ಕೆ ಕೈಚಾಚಿದವನೇ. ರಾಶಿಯ ಕಣದಲ್ಲಿ ಅವನಿಗೆ ಅಳೆದು ಕೊಡುತ್ತಿದ್ದರು. ನಮಗೆ ಕಣ ಗುಡಿಸಿದ ಮೇಲಿನ ಮಣ್ಣುಗೂಡಿದ ಕಾಳು. ಫರಕು ಅಷ್ಟೇ, ಆದರೆ ಆ ಫರಕಿನ ಮೇಲೆಯೇ ಊರು ನಿಂತಿತ್ತು.

ಈ ಕಟ್ಟು ಸಡಿಲಾದದ್ದು ಯಾರ ದಯೆಯಿಂದಲೂ ಅಲ್ಲ. ನಮ್ಮ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು. ಮುಂದೆ ಕಬ್ಬಿಣದ ರಂಟಿ ಮಾಡಿದರು. ಕಬ್ಬಿಣದ ರಂಟಿ ಹೂಡಿದರೆ ಭೂಮಿಗೆ ವಿಷ ಏರುತ್ತದೆ ಅಂತ ರೈತರು ಅದನ್ನು ಕೊಳ್ಳಲು ಹಿಂಜರಿದರಂತೆ. 1910ರಲ್ಲಿ ಕಾರ್ಖಾನೆ ಔಂಧ ಸಂಸ್ಥಾನದ ಬರಡು ನೆಲಕ್ಕೆ ಹೋಗಿ ಕಿರ್ಲೋಸ್ಕರವಾಡಿ ಆಯಿತು. ಕಾರ್ಖಾನೆಯ ರಂಟಿ ಊರಿಗೆ ಬಂದ ದಿನದಿಂದ ಕಮ್ಮಾರನ ಕುಲುಮೆ ಆರತೊಡಗಿತು. 1939ರಲ್ಲಿ ಉಗಾರ ಸಕ್ಕರೆ ಕಾರ್ಖಾನೆಯ ಕಂಪನಿ ಹುಟ್ಟಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗೆ ಹಾಕಿದ ಜೀಪು, ಟ್ರಕ್ಕು ಊರು ಸೇರಿದವು. ಹಿಂದಿನಿಂದ ಆಯಿಲ್ ಇಂಜಿನ್ನು, ಟ್ರ್ಯಾಕ್ಟರು. ಇವುಗಳ ಯಾವ ಬೋಲ್ಟಿಗೂ ಊರಿನ ಆಯಗಾರಿಕೆಯಲ್ಲಿ ಹಕ್ಕುದಾರ ಇರಲಿಲ್ಲ.

ಇತ್ತ ಕಡೆಯ ಹೋರಾಟವೂ ನಡೆದಿತ್ತು. 1925ರಲ್ಲಿ ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತು ನಮ್ಮ ನಿಪ್ಪಾಣಿಯಲ್ಲೇ ಸೇರಿತು, ಬಾಬಾಸಾಹೇಬರು ಬಂದಿದ್ದರು. 1928ರಲ್ಲಿ ಅವರು ಮುಂಬಯಿ ಶಾಸನಸಭೆಯಲ್ಲಿ 1874ರ ವತನ ಕಾಯಿದೆಯ ತಿದ್ದುಪಡಿಗೆ ಮಸೂದೆ ತಂದರು. ಹಗಲು ರಾತ್ರಿ ಸರಕಾರಿ ಬಿಟ್ಟಿ ಮಾಡಿಸಿಕೊಂಡು ಮನೆಮನೆಯ ಭಿಕ್ಷೆಯ ಮೇಲೆ ಬದುಕಿಸುವ ವತನ ಅದು. ನಮ್ಮ ರಾಜ್ಯದಲ್ಲಿ ಹಳ್ಳಿ ಹುದ್ದೆಗಳನ್ನು ರದ್ದು ಮಾಡುವ ಕಾಯಿದೆ ಆದದ್ದು 1961ರಲ್ಲಿ, ಜಾರಿಗೆ ಬಂದದ್ದು 1963ರಲ್ಲಿ. ವತನ ಹೋಯಿತು. ಹೋದಮೇಲೆ ಏನು ಮಾಡುವುದು? ಹೊಲ ಇದ್ದವರು ಎಷ್ಟು ಮಂದಿ? ಪಟ್ಟಣಕ್ಕೆ ಹೋಗಿ, ಕಾರ್ಖಾನೆ ಸೇರಿ ಅಂತ ಹೇಳುವುದು ಸುಲಭ.

ಕಾರ್ಖಾನೆಯ ಕಥೆ ಕೇಳಿ. 1938ರ ಫೆಬ್ರುವರಿಯಲ್ಲಿ ಮನಮಾಡದಲ್ಲಿ ರೈಲ್ವೆಯ ದಲಿತ ಕೆಲಸಗಾರರ ಪರಿಷತ್ತು ನಡೆಯಿತು. ಬ್ರಾಹ್ಮಣಶಾಹಿ ಮತ್ತು ಬಂಡವಾಳಶಾಹಿ, ಎರಡೂ ಈ ದೇಶದ ಕೂಲಿಕಾರರ ಶತ್ರುಗಳು ಎಂದು ಬಾಬಾಸಾಹೇಬರು ಹೇಳಿದ್ದು ಇದೇ ಪರಿಷತ್ತಿನಲ್ಲಿ. ಈ ಮಾತನ್ನು ಎಲ್ಲರೂ ಉದ್ಧರಿಸುತ್ತಾರೆ. ಅದೇ ಭಾಷಣದಲ್ಲಿ ಅವರು ರೈಲ್ವೆ ವರ್ಕ್‌ಶಾಪಿನ ಬಗ್ಗೆ ಹೇಳಿದ್ದನ್ನು ಯಾರೂ ಉದ್ಧರಿಸುವುದಿಲ್ಲ. ಅಲ್ಲಿ ಅಸ್ಪೃಶ್ಯನನ್ನು ಯಂತ್ರದ ಕೆಲಸದ ಹತ್ತಿರ ಬಿಡುವುದೇ ಅಪರೂಪ, ಅವನು ಮಿಸ್ತ್ರಿಯಾಗುವುದು ಇನ್ನೂ ಅಪರೂಪ, ಕೂಲಿಯಾಗಿ ಸೇರಿದವನು ಕೂಲಿಯಾಗಿಯೇ ಉಳಿಯುತ್ತಾನೆ ಎಂಬ ಅರ್ಥದ ಮಾತು ಅದು. ಮುಂಬಯಿಯ ಬಟ್ಟೆ ಗಿರಣಿಗಳಲ್ಲೂ ಇದೇ. ಹರಿದ ನೂಲನ್ನು ಬಾಯಿಯಿಂದ ಎಳೆದು ಕೂಡಿಸಬೇಕಾಗುತ್ತದೆ ಎಂಬ ನೆವ ಹೇಳಿ ನಮ್ಮವರನ್ನು ನೇಯ್ಗೆ ಖಾತೆಯ ಹೊರಗಿಟ್ಟರು. ಎಂಜಲಿನ ನೆವ. ನೇಯ್ಗೆ ಖಾತೆಯಲ್ಲಿ ಪಗಾರ ಹೆಚ್ಚು ಎಂಬುದು ನಿಜವಾದ ಕಾರಣ. ಕಸುಬು ಕಲಿಯದಂತೆ ತಡೆಯುವುದು ಅಕ್ಷರ ಕಲಿಯದಂತೆ ತಡೆಯುವುದಕ್ಕಿಂತ ಬೇರೆ ಅಲ್ಲ, ಗೆಳೆಯರೇ. ನಾವು ಅಕ್ಷರದ ಬಗ್ಗೆ ಬಹಳ ಬರೆದಿದ್ದೇವೆ, ಕಸುಬಿನ ಬಗ್ಗೆ ಕಡಿಮೆ ಬರೆದಿದ್ದೇವೆ.

ವಿದ್ಯುತ್ತಿನಿಂದ ಬೆಸೆಯುವ ವಿದ್ಯೆಯ ವಯಸ್ಸು ಇನ್ನೂ ನೂರೈವತ್ತು ಆಗಿಲ್ಲ. 1881ರಲ್ಲಿ ಫ್ರಾನ್ಸಿನ ದ ಮೆರಿತಾಂ ಇಂಗಾಲದ ಕಡ್ಡಿಯಿಂದ ಕಿಡಿ ಎಬ್ಬಿಸಿ ಬ್ಯಾಟರಿಯ ಸೀಸದ ಹಾಳೆಗಳನ್ನು ಕೂಡಿಸಿದ. ಅಲ್ಲೇ ಕೆಲಸ ಮಾಡುತ್ತಿದ್ದ ರಷ್ಯಾದ ಬೆನಾರ್ಡೋಸ್ ಆ ವಿದ್ಯೆಯನ್ನು ಕಬ್ಬಿಣಕ್ಕೆ ತಂದ. ಅವನ ನಾಡಿನವನೇ ಆದ ಸ್ಲಾವ್ಯಾನೊವ್ 1888ರ ಹೊತ್ತಿಗೆ ಇಂಗಾಲ ತೆಗೆದು ಕಬ್ಬಿಣದ ಕಡ್ಡಿಯನ್ನೇ ಕರಗಿಸಿ ಸುರಿದ. ಆದರೆ ಬರಿಯ ಕಡ್ಡಿಯ ಬೆಸುಗೆ ಗಾಳಿಗೆ ಕೆಟ್ಟು ಟೊಳ್ಳಾಗುತ್ತಿತ್ತು. 1907ರ ಸುಮಾರಿಗೆ ಸ್ವೀಡನ್ನಿನ ಆಸ್ಕರ್ ಶೆಲ್‌ಬರಿ ಕಡ್ಡಿಗೆ ಒಂದು ಲೇಪ ಹಚ್ಚಿದ. ಅವನೂ ಹಡಗಿನ ಬಾಯ್ಲರು ರಿಪೇರಿ ಮಾಡುವ ಕೆಲಸದಲ್ಲಿದ್ದವನು. ಆ ಲೇಪ ಸುಟ್ಟು ಹೊಗೆಯಾಗಿ ಗಾಳಿಯನ್ನು ದೂರ ಇಡುತ್ತದೆ, ಕರಗಿ ಬೆಸುಗೆಯ ಮೇಲೆ ಹೆಕ್ಕಳೆಯಾಗಿ ಕೂರುತ್ತದೆ. ಇವತ್ತು ನಮ್ಮ ಶೆಡ್ಡುಗಳಲ್ಲಿ 10 ನಂಬರ್, 12 ನಂಬರ್ ಅಂತ ಕೇಳಿ ಕೊಳ್ಳುವ ರಾಡಿನ ಮೇಲಿರುವುದು ಅದರ ಮೊಮ್ಮಗ. ಕಮ್ಮಾರ ಹಿಡಿ ಮರಳು ಉದುರಿಸುತ್ತಿದ್ದನಲ್ಲ, ಈ ಲೇಪದ ಕೆಲಸವೂ ಅದೇ. ಕುಲುಮೆಯ ಗುಟ್ಟು ರಾಡಿನ ಮೈಮೇಲೆ ಹತ್ತಿ ಅಂಗಡಿಗೆ ಬಂತು. ರೊಕ್ಕ ಕೊಟ್ಟರೆ ಯಾರಿಗಾದರೂ ಸಿಗುತ್ತದೆ. ಹುಟ್ಟು ಕೇಳುವುದಿಲ್ಲ.

ಹುಟ್ಟು ಕೇಳುವುದಿಲ್ಲ ಅಂದೆನಲ್ಲ, ಅಷ್ಟು ಸರಳವೂ ಅಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಹಡಗುಕಟ್ಟೆಗಳಿಗೆ ಸಾವಿರಾರು ವೆಲ್ಡರುಗಳು ಬೇಕಾದರು. ಕರಿಯರು ಬಂದರು, ಕಲಿತರು. ಆದರೆ ಬಾಯ್ಲರು ಕೆಲಸಗಾರರ ಸಂಘ ಅವರನ್ನು ಸಮಾನ ಸದಸ್ಯರಾಗಿ ಸೇರಿಸಿಕೊಳ್ಳಲಿಲ್ಲ. ಅವರಿಗಾಗಿ ಒಂದು ಬೇರೆ ಉಪಸಂಘ ಮಾಡಿ ಚಂದಾ ಮಾತ್ರ ವಸೂಲು ಮಾಡಿತು, ಮತ ಕೊಡಲಿಲ್ಲ. ಸ್ಯಾನ್‌ಫ್ರಾನ್ಸಿಸ್ಕೋ ಹತ್ತಿರದ ಮರಿನ್‌ಶಿಪ್ ಕಟ್ಟೆಯಲ್ಲಿ ಜೋಸೆಫ್ ಜೇಮ್ಸ್ ಎಂಬ ಕರಿಯ ವೆಲ್ಡರು, ಅವನು ಒಳ್ಳೆಯ ಹಾಡುಗಾರ ಕೂಡ, ಆ ಚಂದಾ ಕೊಡಲು ಒಪ್ಪಲಿಲ್ಲ. ಒಪ್ಪದವರ ಕೆಲಸಕ್ಕೆ ಕುತ್ತು ಬಂತು. ಜೇಮ್ಸ್ ಕೋರ್ಟಿಗೆ ಹೋದ. 1944ರ ಕೊನೆಗೆ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ ಅವನ ಪರವಾಗಿ ತೀರ್ಪು ಕೊಟ್ಟಿತು. 1972ರಲ್ಲಿ ಮುಂಬಯಿಯ ನಮ್ಮ ಗೆಳೆಯರು ಅಮೆರಿಕದ ಕರಿಯರಿಂದ ಪ್ಯಾಂಥರ್ ಎಂಬ ಹೆಸರು ಪಡೆದರು. ಅವರ ವೆಲ್ಡರುಗಳ ಈ ಕಥೆಯೂ ನಮಗೆ ಗೊತ್ತಿರಬೇಕು.

ಇನ್ನು ತುಕ್ಕಿನ ಪಾಠ.

ತುಕ್ಕು ಎಂದರೆ ಕಬ್ಬಿಣ ಮತ್ತೆ ಮಣ್ಣಾಗುವುದು. ನೀರು, ಗಾಳಿ ಎರಡೂ ಬೇಕು. ಉಪ್ಪು ಸೇರಿದರೆ ಓಟ ಜೋರು. ನಮ್ಮ ಕಡೆಯ ಟ್ರೇಲರುಗಳು ಒಂದು ತಿಂಗಳು ಕಬ್ಬು ಹೊರುತ್ತವೆ, ಒಂದು ತಿಂಗಳು ತಿಪ್ಪೆಗೊಬ್ಬರ, ಮತ್ತೊಂದು ತಿಂಗಳು ಚೀಲ ಹರಿದ ಪೊಟ್ಯಾಶು. ಆ ಗೊಬ್ಬರದ ಉಪ್ಪು ಪತ್ರಾದ ಸಂದಿಯಲ್ಲಿ ಕೂತು ಮಳೆಗೆ ನೆನೆದು ತಿನ್ನುತ್ತದೆ. ಜೀಪಿನಲ್ಲಾದರೆ ಕಾಲಿಡುವ ತಳ, ಬಾಗಿಲಿನ ಕೆಳಗಿನ ಮಡಿಕೆ, ಗಾಲಿಯ ಮೇಲಿನ ಕಮಾನು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುವುದರಿಂದ ಬಣ್ಣವನ್ನು ಒಳಗಿಂದ ಎತ್ತುತ್ತದೆ. ಹೊರಗೆ ಒಂದು ಸಣ್ಣ ಗುಳ್ಳೆ ಕಂಡರೆ ಒಳಗೆ ಅಂಗೈ ಅಗಲ ಹೋಗಿದೆ ಅಂತಲೇ ಲೆಕ್ಕ. ವಿಜ್ಞಾನ ಕಲಿಸುವ ಮಾಸ್ತರರು ಮೊಳೆ ಮತ್ತು ನೀರಿನ ಪ್ರಯೋಗ ಮಾಡಿ ತೋರಿಸುತ್ತಾರೆ. ಊರಲ್ಲೊಂದು ಟ್ರೇಲರ್ ಇದ್ದರೆ ಮಕ್ಕಳನ್ನು ಅದರ ಹತ್ತಿರ ಕರೆದುಕೊಂಡು ಹೋಗಲಿ.

ಮಿಸ್ತ್ರಿ ಮೊದಲು ಕಿವಿ ಕಲಿಸಿದ. ಸಣ್ಣ ಸುತ್ತಿಗೆಯಿಂದ ಪತ್ರಾದ ಮೇಲೆ ತಟ್ಟುತ್ತ ಹೋಗಬೇಕು. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ, ಕೊಳೆತಲ್ಲಿ ಡಬ್ ಅನ್ನುತ್ತದೆ. ಡಬ್ ಅಂದಲ್ಲಿಂದ ಇನ್ನೂ ಎರಡು ಬೆರಳು ಆಚೆಗೆ ಸೀಮೆಸುಣ್ಣದ ಗೆರೆ ಹಾಕಿ ಅಲ್ಲಿಗೆ ಉಳಿ ಇಟ್ಟು ಕತ್ತರಿಸಬೇಕು. ನನಗೆ ಹೊಟ್ಟೆಯುರಿ, ಚೆನ್ನಾಗಿರುವ ಪತ್ರಾ ಯಾಕೆ ಕತ್ತರಿಸುತ್ತಾನೆ ಅಂತ. "ತುಕ್ಕಿನ ಮ್ಯಾಲ ಬೆಸಗಿ ಕೂಡಂಗಿಲ್ಲೋ ಹುಚ್ಚಾ. ಬೆಳ್ಳಗ ಹೊಳಿಯೂತನಕ ಕೆರಿ, ಆಮ್ಯಾಲ ಮಾತಾಡು" ಎನ್ನುತ್ತಿದ್ದ.

ತಿಂಗಳ ಮೇಲೆ ಹೋಲ್ಡರ್ ಕೈಗೆ ಬಂತು. ಅದೂ ಮಿಸ್ತ್ರಿ ಅಥಣಿಗೆ ಸಾಮಾನು ತರಲು ಹೋದಾಗ. 12 ನಂಬರ್ ರಾಡು ಹಚ್ಚಿ, ಜೀಪಿನ ತಳಕ್ಕೆ ಕತ್ತರಿಸಿಟ್ಟ ತೇಪೆಯ ಅಂಚಿಗೆ ತಾಗಿಸಿದೆ. ಚರ್ ಅಂತು, ರಾಡು ಅಂಟಿಕೊಂಡಿತು. ಕಿತ್ತೆ, ಮತ್ತೆ ತಾಗಿಸಿದೆ. ಈ ಸಲ ಬೆಳಕು ಎದ್ದಿತು, ಎದ್ದಷ್ಟೇ ವೇಗದಲ್ಲಿ ಪತ್ರಾದಲ್ಲಿ ಹೆಬ್ಬೆಟ್ಟಿನಷ್ಟು ತೂತು ಬಿತ್ತು. ತೂತು ಮುಚ್ಚಲು ಹೋಗಿ ಇನ್ನೊಂದು ತೂತು ಮಾಡಿದೆ. ಜೀಪಿನ ಪತ್ರಾ ಒಂದು ಮಿಲಿಮೀಟರಿನ ಆಸುಪಾಸು, ಅದೂ ತುಕ್ಕು ತಿಂದು ಅರ್ಧ ಆದದ್ದು. ಕಬ್ಬಿಣ ಕರಗುವುದು 1538 ಡಿಗ್ರಿಗೆ. ಕಿಡಿಯ ಕಾವು ಅದರ ಮೂರು ಪಟ್ಟು ಮೀರುತ್ತದೆ. ದಪ್ಪ ಆಂಗಲ್ಲಿನ ಮೇಲೆ ಕೈ ಸ್ವಲ್ಪ ತಪ್ಪಿದರೂ ನಡೆಯುತ್ತದೆ, ಕಬ್ಬಿಣ ಕಾವನ್ನು ಕುಡಿದುಕೊಳ್ಳುತ್ತದೆ. ತೆಳು ಪತ್ರಾ ಒಂದು ಕ್ಷಣದ ತಪ್ಪನ್ನೂ ತಡೆಯುವುದಿಲ್ಲ.

ಮಿಸ್ತ್ರಿ ಬಂದು ನೋಡಿ ಬಯ್ಯಲಿಲ್ಲ. ಸೆಟ್ಟಿನ ಕರೆಂಟು ಇಳಿಸಿದ. ಒಂದು ಚುಕ್ಕೆ ಇಟ್ಟ, ತೆಗೆದ. ಒಂದು ಗೇಣು ಬಿಟ್ಟು ಆ ತುದಿಗೆ ಇನ್ನೊಂದು ಚುಕ್ಕೆ. ಮತ್ತೆ ಈ ತುದಿಗೆ. ಕೌದಿಗೆ ಮೊದಲು ದೂರ ದೂರ ಟಾಕು ಹಾಕಿ ಆಮೇಲೆ ಸಣ್ಣ ಹೊಲಿಗೆ ಹಾಕುತ್ತಾರಲ್ಲ ನಮ್ಮವ್ವಗಳು, ಹಾಗೆಯೇ. ಒಂದೇ ಕಡೆಯಿಂದ ಎಳೆದುಕೊಂಡು ಹೋದರೆ ಕಾದ ಪತ್ರಾ ಹಿಗ್ಗಿ, ಆರುವಾಗ ಕುಗ್ಗಿ, ಸೊಟ್ಟಗಾಗಿ ಹಪ್ಪಳದಂತೆ ಏಳುತ್ತದೆ. ಬಿಸಿ ಇರುವಾಗಲೇ ಹಿಂದೆ ಒಂದು ಕಬ್ಬಿಣದ ಗಟ್ಟಿ ಒತ್ತಿಹಿಡಿದು ಮುಂದಿನಿಂದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಬೇಕು. ಬಹಳ ತೆಳು ಇದ್ದರೆ ಕರೆಂಟಿನ ಸೆಟ್ಟು ಬಿಟ್ಟು ಗ್ಯಾಸು. ಆಗಿನ ಗ್ಯಾಸು ಎಂದರೆ ಒಂದು ಉದ್ದನೆಯ ತಗಡಿನ ಡಬ್ಬಿ. ಅದರೊಳಗೆ ಕಾರ್ಬೈಡಿನ ಕಲ್ಲು ನೀರಿಗೆ ಬಿದ್ದು ಅಸಿಟಿಲಿನ್ ಏಳುತ್ತದೆ, ಬೆಳ್ಳುಳ್ಳಿಯಂಥ ನಾತ. ಉಳಿಯುವ ಬಿಳಿ ರಾಡಿ ಅಪ್ಪಟ ಸುಣ್ಣ. ದಸರೆಯ ಮುಂದೆ ನಮ್ಮವ್ವ ಅದನ್ನು ಬುಟ್ಟಿಯಲ್ಲಿ ತಂದು ಗೋಡೆಗೆ ಬಳಿಯುತ್ತಿದ್ದಳು. ಹೀಗೆ ಕೇರಿಯ ನಾಲ್ಕು ಮನೆ ಆ ವರ್ಷ ವೆಲ್ಡಿಂಗ್ ಸುಣ್ಣದಿಂದ ಬೆಳ್ಳಗಾದವು.

ನಾನು ಹೇಳಬೇಕೆಂದಿದ್ದ ಮಾತು ಇಲ್ಲಿದೆ. ಹೊಸ ಆಂಗಲ್ಲಿನ ಮೇಲೆ ಕಲಿತ ಆ ಹುಡುಗರು ಗ್ರಿಲ್ಲು ಚೆನ್ನಾಗಿ ಮಾಡುತ್ತಿದ್ದರು. ತೆಳು ಪತ್ರಾ ಬಂದರೆ ಕೈ ನಡುಗುತ್ತಿತ್ತು. ಕೊಳೆತ ಪತ್ರಾದ ಮೇಲೆ ಕಲಿತ ನಮ್ಮ ಕೇರಿಯವನ ಕೈ ಯಾವ ಕಬ್ಬಿಣಕ್ಕೂ ಅಳುಕಲಿಲ್ಲ. ಹೊಲಸು ಅಂತ ತಳ್ಳಿದ ಕೆಲಸದಲ್ಲಿ ಕಸುಬಿನ ಅತ್ಯಂತ ಕಠಿಣ ಪಾಠ ಅಡಗಿತ್ತು. ತಳ್ಳಿದವರಿಗೆ ಅದು ಗೊತ್ತಿರಲಿಲ್ಲ. ಇದನ್ನು ನಾನು ಹೆಮ್ಮೆಯಿಂದ ಹೇಳುತ್ತಿಲ್ಲ. ತುಕ್ಕು ಕೆರೆಯುವುದು ಪುಣ್ಯದ ಕೆಲಸ ಎಂದು ನಾಳೆ ಯಾರಾದರೂ ಭಾಷಣ ಮಾಡಿದರೆ ಅವರ ಕೈಗೆ ಉಳಿ ಕೊಟ್ಟು ಜೀಪಿನ ತಳಕ್ಕೆ ಕಳಿಸಿ.

ಇದರ ಬೆಲೆಯನ್ನು ಮೈ ಕೊಟ್ಟಿತು. ಶೆಡ್ಡಿಗೆಲ್ಲ ಕೂಡಿ ಒಂದೇ ಕಪ್ಪು ಗಾಜು. ಅದು ಬೆಸೆಯುವವನಿಗೆ. ಪತ್ರಾ ಒತ್ತಿ ಹಿಡಿಯುವ ಹುಡುಗ ಮುಖ ಆ ಕಡೆ ತಿರುಗಿಸಬೇಕು. ತಿರುಗಿಸಿದರೂ ಬೆಳಕು ಗೋಡೆಗೆ ಬಡಿದು ಬರುತ್ತದೆ. ನಡುರಾತ್ರಿಗೆ ಕಣ್ಣಲ್ಲಿ ಹಿಡಿ ಉಸುಕು ಹಾಕಿದ ಹಾಗೆ. ಬಟಾಟೆ ಹೋಳು ಇಟ್ಟುಕೊಂಡು ಅವ್ವನ ತೊಡೆಯ ಮೇಲೆ ಮಲಗಿ ಬೆಳಗು ಮಾಡಿದ ರಾತ್ರಿಗಳು ಎಷ್ಟೋ. ಕಿಡಿಯ ಬೆಳಕಿನಲ್ಲಿರುವ ಕಣ್ಣಿಗೆ ಕಾಣದ ನೇರಳಾತೀತ ಕಿರಣ ಕಣ್ಣಿನ ಮೇಲ್ಪೊರೆಯನ್ನು ಸುಡುತ್ತದೆ ಎಂದು ನನಗೆ ತಿಳಿದದ್ದು ಮಾಸ್ತರಿಕೆಗೆ ಸೇರಿದ ಮೇಲೆ. ಸತುವಿನ ಲೇಪ ಇದ್ದ ಪತ್ರಾ ಬೆಸೆದ ದಿನ ಸಂಜೆಗೆ ಮಲೇರಿಯಾ ಬಂದಂತೆ ನಡುಕ, ಜ್ವರ. ಹಾಲು ಕುಡಿ ಅನ್ನುತ್ತಿದ್ದರು. ಹಾಲು ಸತುವಿನ ಹೊಗೆಯನ್ನೇನೂ ತೊಳೆಯುವುದಿಲ್ಲ, ಬಾಗಿಲು ತೆರೆದು ಗಾಳಿ ಬಿಟ್ಟಿದ್ದರೆ ಉಪಯೋಗವಿತ್ತು. ಖಾಲಿ ಡೀಸೆಲ್ ಡ್ರಮ್ಮು ಕತ್ತರಿಸಿ ತೇಪೆಗೆ ಪತ್ರಾ ಮಾಡುವುದು ಇನ್ನೂ ಅಪಾಯದ್ದು. ಒಳಗೆ ಉಳಿದ ಆವಿ ಒಂದೇ ಕಿಡಿಗೆ ಡ್ರಮ್ಮನ್ನು ಬಾಂಬು ಮಾಡುತ್ತದೆ.

ಕಾಯಿದೆ ಇರಲಿಲ್ಲವೇ? ಇತ್ತು. 1948ರ ಕಾರ್ಖಾನೆ ಕಾಯಿದೆಯ 35ನೇ ಕಲಮು ಕಣ್ಣಿನ ರಕ್ಷಣೆಗಾಗಿಯೇ ಇದ್ದದ್ದು. ಆದರೆ ಆ ಕಾಯಿದೆಯ ಪ್ರಕಾರ ಕಾರ್ಖಾನೆ ಎನ್ನಿಸಿಕೊಳ್ಳಲು ಕರೆಂಟು ಇದ್ದ ಕಡೆ ಕನಿಷ್ಠ 10 ಮಂದಿ ಕೆಲಸಗಾರರು ಬೇಕಿತ್ತು. ನಮ್ಮ ಶೆಡ್ಡಿನಲ್ಲಿ ನಾವು ಐದು ಮಂದಿ. 2020ರ ಸಂಹಿತೆ ಆ ಹತ್ತನ್ನು 20ಕ್ಕೆ ಏರಿಸಿತು. ಹೀಗೆ ಲೆಕ್ಕ ಏರಿಸುತ್ತ ಹೋದರೆ ನಮ್ಮ ಹುಡುಗರ ಕಣ್ಣು ಯಾವ ಕಲಮಿನ ಒಳಗೂ ಬರುವುದಿಲ್ಲ.

ಸರ್ಟಿಫಿಕೇಟಿನ ಮಾತೂ ಇದೆ. ದೇಶದಲ್ಲಿ ಐ.ಟಿ.ಐ.ಗಳ ಕುಶಲಕರ್ಮಿ ತರಬೇತಿ ಯೋಜನೆ 1950ರಲ್ಲಿ ಸುರುವಾಯಿತು. ವೆಲ್ಡರ್ ಎಂಬುದು ಒಂದು ವರ್ಷದ ಕೋರ್ಸು, ಎಂಟನೇ ಇಯತ್ತೆ ಪಾಸಾದವರಿಗೂ ಬಾಗಿಲು ತೆರೆದದ್ದು. ಸಕ್ಕರೆ ಕಾರ್ಖಾನೆ, ರೈಲ್ವೆ, ಬಸ್ಸಿನ ಡಿಪೋ, ಎಲ್ಲ ಕಡೆ ಆ ಕಾಗದ ಕೇಳುತ್ತಾರೆ. ಹತ್ತು ವರ್ಷ ಶೆಡ್ಡಿನಲ್ಲಿ ತುಕ್ಕು ಕೆರೆದು ಕಲಿತವನ ಕೈಯಲ್ಲಿ ವಿದ್ಯೆ ಇದೆ, ಕಾಗದ ಇಲ್ಲ. ಇಂಥವರ ಕೈ ನೋಡಿ ಕಾಗದ ಕೊಡುವ ಕ್ರಮವನ್ನು ಕೇಂದ್ರ ಸರಕಾರದ ಕೌಶಲ ಯೋಜನೆಯಲ್ಲಿ 2015ರಲ್ಲಿ ಸೇರಿಸಿದರು. ನಮ್ಮ ಕೇರಿಯ ಹುಡುಗರಿಗೆ ಈ ಸುದ್ದಿ ಮುಟ್ಟಿಸುವ ಕೆಲಸ ಸಂಘಟನೆಯ ಗೆಳೆಯರು ಮತ್ತು ಸಾಲಿ ಮಾಸ್ತರರು ಮಾಡಬಹುದಾದದ್ದು. ಇನ್ನೊಂದು ಗೋಡೆ ಜಾಗದ್ದು. ವೆಲ್ಡಿಂಗ್ ಸೆಟ್ಟನ್ನು ಸಾಲ ಮಾಡಿ ತರಬಹುದು, ರಸ್ತೆಯ ಬದಿಯ ಜಾಗ ಯಾರದು? ಊರು ಕಟ್ಟುವಾಗಲೇ ನಮ್ಮನ್ನು ರಸ್ತೆಯಿಂದ ದೂರ ಇಟ್ಟಿದ್ದಾರೆ. ಕೇರಿಯೊಳಗೆ ಸೆಟ್ಟು ಇಟ್ಟರೆ ಟ್ರ್ಯಾಕ್ಟರು ತಿರುಗುವುದಿಲ್ಲ. ಆದ್ದರಿಂದ ಕೈ ನಮ್ಮದು, ಶೆಡ್ಡು ಬೇರೆಯವರದು. ಈಗ ನಮ್ಮ ಸೀಮೆಯಲ್ಲಿ ದ್ರಾಕ್ಷಿ ಬಂದಿದೆ. ಪಡದ ವಾಯ್ ಆಂಗಲ್ಲು, ಒಣದ್ರಾಕ್ಷಿ ಶೆಡ್ಡಿನ ಕಂಬ ಎಲ್ಲ ಬೆಸುಗೆಯವೇ. ಕೆಲಸ ಹೆಚ್ಚಿದೆ. ಜಾಗದ ಲೆಕ್ಕ ಹಾಗೆಯೇ ಇದೆ.

ಒಂದು ದಿನದ ನೆನಪು. ಊರಿನ ಕಮ್ಮಾರಜ್ಜ ಶೆಡ್ಡಿಗೆ ಬಂದ. ನಮ್ಮಪ್ಪ ಅವನನ್ನು "ಯಪ್ಪಾ" ಅಂತ ಕರೆದು ನಾಲ್ಕು ಮಾರು ದೂರ ನಿಲ್ಲುತ್ತಿದ್ದ. ಅಜ್ಜನ ಕೈಯಲ್ಲಿ ಅವನದೇ ದೊಡ್ಡ ಇಕ್ಕಳ, ಮೊಣಕಿನಲ್ಲಿ ಸೀಳಿತ್ತು. ಅವನ ಕುಲುಮೆ ಆರಿ ಎರಡು ವರ್ಷವಾಗಿತ್ತು, ತಿದಿ ಹರಿದಿತ್ತು. ಮಿಸ್ತ್ರಿ ಇರಲಿಲ್ಲ, ನಾವಿಬ್ಬರೇ. ಅಜ್ಜ ಬಾಗಿಲ ಹೊರಗೆ ನಿಂತು, "ಎಲ್ಲಿ ಇಡ್ಲೋ ತಮ್ಮಾ?" ಅಂದ. ನನ್ನ ಗೆಳೆಯ ಕೈ ಮುಂದೆ ಚಾಚಿದ. ಅಜ್ಜ ಸ್ವಲ್ಪ ಹೊತ್ತು ಹಾಗೇ ನಿಂತಿದ್ದು ಇಕ್ಕಳವನ್ನು ಕೈಗೆ ಕೊಟ್ಟ. ಬೆಸುಗೆ ಆರುವವರೆಗೆ ಒಳಗೆ ಬಂದು ಕೂತ. ಹೆಕ್ಕಳೆ ಕೆರೆದು ತೋರಿಸಿದಾಗ ಬೆರಳಾಡಿಸಿ ನೋಡಿ, "ಮರಳ ಹಾಕಲಿಲ್ಲಲ್ಲೋ?" ಅಂದ. ರಾಡಿನ ಲೇಪ ತೋರಿಸಿದೆವು. ಅದನ್ನು ಉಗುರಿನಿಂದ ಕೆರೆದು, ನಾಲಗೆಗೆ ಹಚ್ಚಿ ನೋಡಿ ಉಗುಳಿದ. ಎಷ್ಟು ಕೊಡಲಿ ಅಂತ ಕೇಳಿದ. ನಮಗೆ ಬಾಯಿ ಬರಲಿಲ್ಲ. ಎರಡು ರೂಪಾಯಿ ಅಂದ ನನ್ನ ಗೆಳೆಯ, ರಾಡಿನ ರೊಕ್ಕ. ಅವನ ಮೊಮ್ಮಗನೂ ಮರುವರ್ಷ ಅದೇ ಶೆಡ್ಡಿಗೆ ಬಂದ. ಅವನಿಗೆ ತುಕ್ಕು ಕೊಡಲಿಲ್ಲ, ಗ್ರಿಲ್ಲು ಕೊಟ್ಟರು.

ನನ್ನ ಆ ಮೊದಲ ಜೀಪು ಎರಡು ಮಳೆಗಾಲ ಕಳೆದು ಮತ್ತೆ ಶೆಡ್ಡಿಗೆ ಬಂತು. ನಾನು ಆಗ ಕಾಲೇಜಿಗೆ ಸೇರಿದ್ದೆ, ಸೂಟಿಗೆ ಬಂದಿದ್ದೆ. ಓಡಿಹೋಗಿ ತಳಕ್ಕೆ ನುಗ್ಗಿ ನೋಡಿದೆ. ನನ್ನ ತೇಪೆ ಗಟ್ಟಿ ಇತ್ತು, ಬೆಸುಗೆ ಒಂದು ಕಡೆಯೂ ಬಿಟ್ಟಿರಲಿಲ್ಲ. ಆದರೆ ಅದರ ಪಕ್ಕದ ಹಳೇ ಪತ್ರಾ ಪೂರ್ತಿ ಹೋಗಿತ್ತು. ತೇಪೆ ಹಚ್ಚುವಾಗ ಮೂಲೆಯಲ್ಲಿ ನೀರು ಇಳಿಯಲು ಇದ್ದ ತೂತನ್ನು ನಾನು ಮುಚ್ಚಿಬಿಟ್ಟಿದ್ದೆ. ಎರಡು ವರ್ಷದ ಮಳೆನೀರು ಅಲ್ಲೇ ನಿಂತಿತ್ತು. ಮಿಸ್ತ್ರಿ ಬಗ್ಗಿ ನೋಡಿದ, ನನ್ನ ಇಸ್ತ್ರಿ ಮಾಡಿದ ಅಂಗಿ ನೋಡಿದ, ಗೂಡಿನಿಂದ ಉಳಿ ತೆಗೆದು ಚಾಚಿದ.

"ಅಂಗಿ ಕಳದ ಇಡು. ಕೆರಿ."